ವರ್ಷದ ಕಾಳನ್ನು ಹೊಲದಿಂದಲೇ ಮನೆಗೆ ತರುವುದು ಹೇಗೆ?

ಹುಬ್ಬಳ್ಳಿ-ಧಾರವಾಡದ ಓದುಗರು, ಗದಗ ಮತ್ತು ಹಾವೇರಿಯ ಕೆಲವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಸುತ್ತಲಿನ ರೈತರಿಂದಲೇ ದವಸ-ಧಾನ್ಯ ಕೊಳ್ಳುವ ಮನಸ್ಸಿದೆ, ಆದರೆ ಯಾರನ್ನು ಕೇಳಬೇಕು, ದರವನ್ನು ಹೇಗೆ ಗೊತ್ತುಮಾಡಬೇಕು, ತಂದ ಕಾಳು ಕೆಡದಂತೆ ಹೇಗೆ ಇಡಬೇಕು? ನಮ್ಮ ಓಣಿಯ ಹನ್ನೆರಡು ಮನೆಗಳು ಕೂಡಿ ಕೆಲವು ವರ್ಷಗಳಿಂದ ಈ ಕೆಲಸ ಮಾಡುತ್ತಿರುವುದರಿಂದ, ಬಿಡಿಬಿಡಿಯಾಗಿ ಹೇಳುತ್ತಿದ್ದ ಉತ್ತರಗಳನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಹೀಗೆ ಕೂಡಿಕೊಳ್ಳುವವರಲ್ಲಿ ಬಹಳಷ್ಟು ಜನ ತರಕಾರಿಯಿಂದ ಆರಂಭಿಸುತ್ತಾರೆ ಮತ್ತು ಅಲ್ಲಿಯೇ ಸೋಲುತ್ತಾರೆ. ತರಕಾರಿ ಎರಡು ದಿನದಲ್ಲಿ ಬಾಡುತ್ತದೆ, ಪ್ರತಿ ಮನೆಯ ರುಚಿ ಬೇರೆ, ವಾರಕ್ಕೆ ಎರಡು ಸಲ ಯಾರಾದರೂ ಬಿಡುವು ಮಾಡಿಕೊಳ್ಳಬೇಕು. ಕಾಳಿನ ವಿಷಯ ಹಾಗಲ್ಲ. ಸುಗ್ಗಿ ಮುಗಿದ ಮೇಲೆ ವರ್ಷದ ಜೋಳ, ವರ್ಷದ ಬೇಳೆ, ವರ್ಷದ ಖಾರವನ್ನು ತುಂಬಿಸಿಕೊಳ್ಳುವ ರೂಢಿ ನಮ್ಮ ಭಾಗದ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ವರ್ಷಕ್ಕೆ ನಾಲ್ಕೈದು ಸಲ ಮಾಡುವ ಆ ಖರೀದಿಯನ್ನು ಅಂಗಡಿಯಿಂದ ಹೊಲಕ್ಕೆ ತಿರುಗಿಸಿದರೆ ಸಾಕು. ರೈತನಿಗೂ ಅದರಿಂದ ಆಗುವ ಅನುಕೂಲ ದೊಡ್ಡದು, ಏಕೆಂದರೆ ಬಿತ್ತುವ ಮೊದಲೇ ಇಷ್ಟು ಕ್ವಿಂಟಲ್ ಕಾಳಿಗೆ ಕೊಳ್ಳುವವರಿದ್ದಾರೆ ಎಂಬ ಮಾತು ಅವನ ಕೈಯಲ್ಲಿರುತ್ತದೆ. ಈ ಮುಂಗಡ ಮಾತೇ ಇಡೀ ವ್ಯವಸ್ಥೆಯ ಆಧಾರ. ಮುಂದೆ ಹೇಳುವ ಹಂತಗಳೆಲ್ಲ ಅದನ್ನು ಉಳಿಸಿಕೊಳ್ಳುವ ಬಗೆಗಳು.

1. ಮನೆಗಳನ್ನು ಕೂಡಿಸಿ, ಅಡುಗೆಮನೆಯ ಲೆಕ್ಕ ಬರೆಯಿರಿ

ಹತ್ತರಿಂದ ಹದಿನೈದು ಮನೆಗಳು ಸಾಕು. ಅದಕ್ಕಿಂತ ಕಡಿಮೆಯಾದರೆ ಒಂದು ಗಾಡಿಯ ಬಾಡಿಗೆ ಭಾರವಾಗುತ್ತದೆ, ಹೆಚ್ಚಾದರೆ ಹಂಚಿಕೆಯೇ ಒಂದು ಉದ್ಯೋಗವಾಗುತ್ತದೆ. ಒಂದೇ ಓಣಿಯವರು ಅಥವಾ ಒಂದೇ ಕಚೇರಿಯವರು ಆದರೆ ಒಳ್ಳೆಯದು, ಏಕೆಂದರೆ ಚೀಲಗಳನ್ನು ಇಳಿಸುವ ಜಾಗ ಒಂದೇ ಆಗುತ್ತದೆ.

ಪ್ರತಿ ಮನೆಯವರೂ ತಮ್ಮ ವರ್ಷದ ಬಳಕೆಯನ್ನು ಲೆಕ್ಕ ಹಾಕಬೇಕು. ಅಂದಾಜು ಹೇಳಬೇಡಿ, ಒಂದು ತಿಂಗಳು ಅಳೆದು ನೋಡಿ. ಒಂದು ಕಿಲೋ ಜೋಳದ ಹಿಟ್ಟಿಗೆ ಸುಮಾರು ಹದಿನೆಂಟು ರೊಟ್ಟಿ ಆಗುತ್ತವೆ ಎಂದುಕೊಂಡರೆ, ದಿನಕ್ಕೆ ಹನ್ನೆರಡು ರೊಟ್ಟಿ ಬಡಿಯುವ ಮನೆಗೆ ತಿಂಗಳಿಗೆ 20 ಕಿಲೋ, ವರ್ಷಕ್ಕೆ 240 ಕಿಲೋ ಜೋಳ ಬೇಕು. ನಮ್ಮ ಹನ್ನೆರಡು ಮನೆಗಳಲ್ಲಿ ಕೆಲವರು ರಾತ್ರಿ ಅನ್ನವನ್ನಷ್ಟೇ ಉಣ್ಣುವುದರಿಂದ ಒಟ್ಟು ಲೆಕ್ಕ 24 ಕ್ವಿಂಟಲ್‌ಗೆ ನಿಂತಿತು. ಮಳೆಯನ್ನೇ ನಂಬಿದ ಎರೆ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಹಿಂಗಾರಿ ಜೋಳ ಎಕರೆಗೆ ನಾಲ್ಕೈದು ಕ್ವಿಂಟಲ್ ಬಂದರೆ, ಹನ್ನೆರಡು ಮನೆಗಳ ರೊಟ್ಟಿಗೆ ಐದಾರು ಎಕರೆ ಭೂಮಿ ಬೇಕಾಗುತ್ತದೆ. ಈ ಲೆಕ್ಕವನ್ನು ಕೈಯಲ್ಲಿ ಹಿಡಿದು ಹೋದಾಗಲೇ ರೈತ ನಿಮ್ಮ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾನೆ.

ಎಚ್ಚರಿಕೆ: ಮೊದಲ ವರ್ಷ ಲೆಕ್ಕಕ್ಕೆ ಬಂದ ಪ್ರಮಾಣದ ಅರ್ಧದಷ್ಟಕ್ಕೆ ಮಾತ್ರ ಮಾತು ಕೊಡಿ. ಉಳಿದದ್ದನ್ನು ಎಂದಿನಂತೆ ಪೇಟೆಯಲ್ಲಿ ಕೊಳ್ಳಿ. ಕಡಿಮೆ ಹೇಳಿ ಪೂರ್ತಿ ಒಯ್ಯುವವರನ್ನು ರೈತ ನೆನಪಿಡುತ್ತಾನೆ.

2. ಯಾವ ಕಾಳು, ಯಾವ ತಿಂಗಳು

ನಮ್ಮ ಭಾಗದಲ್ಲಿ ಎರಡು ಹಂಗಾಮುಗಳಿವೆ. ಮುಂಗಾರಿ ಎಂದರೆ ಜೂನ್ ಮಳೆಗೆ ಬಿತ್ತುವುದು, ಹಿಂಗಾರಿ ಎಂದರೆ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಎರೆ ಭೂಮಿಯಲ್ಲಿ ನಿಂತ ಹಸಿಯನ್ನು ನಂಬಿ ಬಿತ್ತುವುದು. ಹೆಸರು ಆಗಸ್ಟ್-ಸೆಪ್ಟೆಂಬರ್‌ನಲ್ಲಿ ರಾಶಿಯಾಗುತ್ತದೆ, ಅಂದರೆ ಒಕ್ಕಿ ಕಾಳಾಗುತ್ತದೆ. ಶೇಂಗಾ, ಸಾವಿ, ನವಣಿ ಅದರ ಬೆನ್ನಿಗೆ ಬರುತ್ತವೆ. ತೊಗರಿ ಡಿಸೆಂಬರ್-ಜನವರಿಯಲ್ಲಿ, ಕಡಲೆ ಜನವರಿ-ಫೆಬ್ರವರಿಯಲ್ಲಿ, ಜೋಳ ಮತ್ತು ಗೋಧಿ ಫೆಬ್ರವರಿ-ಮಾರ್ಚ್‌ನಲ್ಲಿ. ಒಣ ಮೆಣಸಿನಕಾಯಿ ಜನವರಿಯಿಂದ ಮಾರ್ಚ್‌ವರೆಗೆ ಪೇಟೆಗೆ ಬರುತ್ತದೆ.

ಮೊದಲ ವರ್ಷಕ್ಕೆ ನಾನು ಹೇಳುವುದು ಮೂರನ್ನೇ: ಜೋಳ, ಹೆಸರು ಅಥವಾ ಕಡಲೆ, ಮತ್ತು ಮೆಣಸಿನಕಾಯಿ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಎರೆ ಸೀಮೆಯಲ್ಲಿ ಹೆಸರು, ಕಡಲೆ, ಜೋಳ ಮೂರೂ ಸಿಗುತ್ತವೆ. ಕುಂದಗೋಳದ ಕಡೆ ಮೆಣಸಿನಕಾಯಿ ಸಿಗುತ್ತದೆ. ಗೋಧಿ ಬೇಕೆನ್ನುವವರು ಹುಗ್ಗಿಗೆ, ಮಾದಲಿಗೆ ಹೊಂದುವ ಸದಕ ಗೋಧಿಯನ್ನು, ಅಂದರೆ ಜವೆ ಗೋಧಿಯನ್ನು, ಎರಡನೇ ವರ್ಷ ಸೇರಿಸಿಕೊಳ್ಳಬಹುದು. ಅದರ ಸಿಪ್ಪೆ ಕಾಳಿಗೆ ಗಟ್ಟಿಯಾಗಿ ಅಂಟಿರುವುದರಿಂದ ಬಿಡಿಸುವ ಗಿರಣಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಉಳ್ಳಾಗಡ್ಡಿಯನ್ನು ವರ್ಷಕ್ಕೆಂದು ಕೊಳ್ಳಬೇಡಿ. ಗದಗ ಭಾಗದ ಮುಂಗಾರಿ ಉಳ್ಳಾಗಡ್ಡಿ ಮಳೆಯ ಹಸಿಯಲ್ಲೇ ಕಿತ್ತದ್ದಾದ್ದರಿಂದ ಹೆಚ್ಚು ದಿನ ನಿಲ್ಲುವುದಿಲ್ಲ.

3. ರೈತರನ್ನು ಹುಡುಕುವ ಬಗೆ

ನಿಮ್ಮ ಕೂಟದಲ್ಲಿಯೇ ಯಾರಿಗಾದರೂ ಊರಿನಲ್ಲಿ ಹೊಲವಿರುತ್ತದೆ, ಅಲ್ಲಿಂದ ಆರಂಭಿಸಿ. ಅದಿಲ್ಲದಿದ್ದರೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ರೈತರಿಗೆ ತರಬೇತಿ ಕೊಡುವ ಈ ಕೇಂದ್ರಗಳು ಧಾರವಾಡದ ಸೈದಾಪುರದಲ್ಲಿ, ಗದಗ ಜಿಲ್ಲೆಯ ಹುಲಕೋಟಿಯಲ್ಲಿ ಮತ್ತು ಹಾವೇರಿ ಜಿಲ್ಲೆಯ ಹನುಮನಮಟ್ಟಿಯಲ್ಲಿ ಇವೆ. ಯಾವ ಊರಿನಲ್ಲಿ ಯಾರು ಏನು ಬೆಳೆಯುತ್ತಾರೆ ಎಂಬುದು ಅಲ್ಲಿನವರಿಗೆ ಗೊತ್ತಿರುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳವೂ ಒಳ್ಳೆಯ ಜಾಗ. ಯಂತ್ರಗಳ ಮಳಿಗೆಗಳನ್ನು ಬಿಟ್ಟು ರೈತರು ತಾವೇ ಬೀಜ ಮತ್ತು ಕಾಳು ಇಟ್ಟುಕೊಂಡು ಕೂತ ಸಾಲಿನಲ್ಲಿ ಸಮಯ ಕಳೆಯಿರಿ.

ಇನ್ನೊಂದು ದಾರಿ ರೈತ ಉತ್ಪಾದಕ ಕಂಪನಿಗಳದ್ದು. ರೈತರೇ ಷೇರುದಾರರಾಗಿ ಕಟ್ಟಿಕೊಂಡು ಒಟ್ಟಾಗಿ ಕೊಳ್ಳುವ, ಮಾರುವ ಸಂಸ್ಥೆಗಳು ಇವು. ಮಹಿಳೆಯರ ಸ್ವಸಹಾಯ ಸಂಘಗಳನ್ನೂ ಮರೆಯಬೇಡಿ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘವು ಸಿರಿಧಾನ್ಯಗಳ ಬೀಜ ಬ್ಯಾಂಕು ಮತ್ತು ಸಂಸ್ಕರಣಾ ಘಟಕವನ್ನು ನಡೆಸುತ್ತಿದ್ದು, 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಯನ್ನು ಪಡೆದಿದೆ. ಸಾವಿ, ನವಣಿಗಳಿಗೆ ಇಂಥ ಘಟಕಗಳ ನೆರವು ಬೇಕೇ ಬೇಕು, ಏಕೆಂದರೆ ಹೊಟ್ಟು ತೆಗೆಯುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಕೂಡಿ ಮಾಡುವ ಕೆಲಸ ಈ ನೆಲಕ್ಕೆ ಹೊಸದೂ ಅಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ್ದು 1905ರಲ್ಲಿ.

ಒಬ್ಬನೇ ರೈತನನ್ನು ನಂಬಿ ಕೂರಬೇಡಿ. ಒಂದೇ ಊರಿನ ಇಬ್ಬರು, ಬೇರೆ ಊರಿನ ಇನ್ನೊಬ್ಬರು ಇರಲಿ. ಮಳೆ ನಮ್ಮಲ್ಲಿ ಒಂದು ಊರಿಗೆ ಬಿದ್ದು ಪಕ್ಕದ ಊರನ್ನು ಬಿಟ್ಟುಹೋಗುತ್ತದೆ.

4. ಬಿತ್ತುವ ಮೊದಲು ಹೊಲಕ್ಕೆ ಹೋಗಿ

ಫೋನಿನಲ್ಲಿ ಮುಗಿಸುವ ಮಾತು ಇದಲ್ಲ. ಕೂಟದ ಇಬ್ಬರು ಮೂವರು ಹೋಗಿ, ಬದುವಿನ ಮೇಲೆ ಕೂತು ಮಾತನಾಡಿ. ಕೇಳಬೇಕಾದವು ಇಷ್ಟು: ಯಾವ ತಳಿ, ಬೀಜ ಮನೆಯದೋ ಅಂಗಡಿಯದೋ, ಗೊಬ್ಬರ ಏನು, ಯಾವ ಔಷಧ ಎಷ್ಟು ಸಲ ಹೊಡೆಯುತ್ತೀರಿ, ರಾಶಿಯ ನಂತರ ಕಾಳು ಎಲ್ಲಿರುತ್ತದೆ.

ಹೊಲ ಸ್ವಂತದ್ದೋ, ಲಾವಣಿಗೆ (ಗುತ್ತಿಗೆಗೆ) ಹಿಡಿದದ್ದೋ, ಪಾಲಿನದೋ ಎಂಬುದನ್ನೂ ಮೆಲ್ಲಗೆ ಕೇಳಿ ತಿಳಿದುಕೊಳ್ಳಿ. ಇದು ಕುತೂಹಲದ ಪ್ರಶ್ನೆಯಲ್ಲ. ಸರ್ಕಾರದ ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಮಾರಲು ಉತಾರದ, ಅಂದರೆ ಪಹಣಿಯ, ಆಧಾರದಲ್ಲಿ ನೋಂದಣಿ ಆಗಿರಬೇಕು. ಹೊಲವನ್ನು ಲಾವಣಿಗೆ ಹಿಡಿದವನ ಹೆಸರಿನಲ್ಲಿ ಉತಾರ ಇರುವುದಿಲ್ಲವಾದ್ದರಿಂದ ಅವನು ಸಿಕ್ಕ ದರಕ್ಕೆ ಪೇಟೆಯಲ್ಲಿಯೇ ಮಾರಬೇಕಾಗುತ್ತದೆ. ನಿಮ್ಮ ಕೂಟದ ಖಚಿತ ದರ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಅಂಥವನಿಗೆ.

ಸಾವಯವವೇ ಬೇಕೆಂದು ಮೊದಲ ದಿನವೇ ಪಟ್ಟು ಹಿಡಿಯಬೇಡಿ. ಎರೆ ಹೊಲದ ಹಿಂಗಾರಿ ಜೋಳಕ್ಕೆ ಔಷಧ ಹೊಡೆಯುವುದು ಮೊದಲೇ ಕಡಿಮೆ, ಮೆಣಸಿನಕಾಯಿಗೆ ಬಹಳ. ಆದ್ದರಿಂದ ಮೆಣಸಿನಕಾಯಿಯ ವಿಷಯದಲ್ಲಿ ಕೊನೆಯ ಸಿಂಪಡಣೆ ಯಾವಾಗ, ಔಷಧದ ಡಬ್ಬಿಯ ಮೇಲೆ ಬರೆದ ಕಾಯುವ ಅವಧಿ ಮುಗಿದ ಮೇಲೆಯೇ ಕೊಯ್ಯುತ್ತೀರಾ ಎಂದು ಬಿಡಿಸಿ ಕೇಳಿ. ಪ್ರಮಾಣಪತ್ರ ಬೇಕೆನ್ನುವವರಿಗೆ ಪಿಜಿಎಸ್ ಎಂಬ ಪದ್ಧತಿ ಇದೆ. ಊರಿನ ರೈತರೇ ಗುಂಪಾಗಿ ಪರಸ್ಪರರ ಹೊಲಗಳನ್ನು ಪರಿಶೀಲಿಸಿ ಖಾತ್ರಿ ಕೊಡುವ ಕ್ರಮವಿದು, ಸಣ್ಣ ರೈತರಿಗೆ ಖರ್ಚು ಕಡಿಮೆ.

5. ದರ: ಇಲ್ಲಿ ಅವಸರ ಬೇಡ

ಕೂಟಗಳು ಒಡೆಯುವುದು ದರದ ಮಾತಿನಲ್ಲಿ. ದಲಾಲಿ, ಹಮಾಲಿ ತಪ್ಪಿದ್ದರಿಂದ ನಮಗೆ ಅಗ್ಗವಾಗಿ ಸಿಗಬೇಕು ಎಂದು ಮನೆಯವರು ಎಣಿಸುತ್ತಾರೆ, ಪೇಟೆಗಿಂತ ಹೆಚ್ಚು ಸಿಗಬೇಕು ಎಂದು ರೈತ ಎಣಿಸುತ್ತಾನೆ. ಎರಡೂ ನ್ಯಾಯವಾದ ನಿರೀಕ್ಷೆಗಳೇ, ಮತ್ತು ಎಪಿಎಂಸಿ ದರ ಹಾಗೂ ಕಿರಾಣಿ ಅಂಗಡಿಯ ದರದ ನಡುವೆ ಇರುವ ಅಂತರದಲ್ಲಿ ಎರಡಕ್ಕೂ ಜಾಗವಿದೆ. ಆದರೆ ಸೂತ್ರವನ್ನು ಬಿತ್ತುವ ಮೊದಲೇ ಬರೆದಿಡಬೇಕು.

ನಾವು ಪಾಲಿಸುವ ಸೂತ್ರ ಹೀಗಿದೆ. ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಘೋಷಿಸುವ ಬೆಂಬಲ ಬೆಲೆಯನ್ನು ಕನಿಷ್ಠ ದರ ಎಂದು ಹಿಡಿಯುತ್ತೇವೆ. ರಾಶಿಯಾದ ವಾರ ಹತ್ತಿರದ ಎಪಿಎಂಸಿಯ ಮಾದರಿ ದರ ಅದಕ್ಕಿಂತ ಮೇಲಿದ್ದರೆ ಆ ಮಾದರಿ ದರವನ್ನೇ ಕೊಡುತ್ತೇವೆ. ಮಾದರಿ ದರ ಎಂದರೆ ಆ ದಿನ ಹೆಚ್ಚಿನ ಮಾಲು ಮಾರಾಟವಾದ ದರ; ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಕನಿಷ್ಠ, ಗರಿಷ್ಠ ದರಗಳ ಜೊತೆಗೆ ಇದನ್ನೂ ಪ್ರಕಟಿಸುತ್ತಾರೆ. ಇದರ ಮೇಲೆ ಹಸನು ಮಾಡಿದ ಕೂಲಿ, ಚೀಲ ಮತ್ತು ಸಾಗಣೆಯ ಖರ್ಚನ್ನು ಬೇರೆಯಾಗಿ ಸೇರಿಸುತ್ತೇವೆ.

ಒಂದು ಲೆಕ್ಕ ನೋಡಿ. 2025-26ರ ಹಂಗಾಮಿಗೆ ಹೆಸರಿನ ಬೆಂಬಲ ಬೆಲೆ ಕ್ವಿಂಟಲ್‌ಗೆ ₹8,768, ಮಾಲದಂಡಿ ತಳಿಯ ಜೋಳದ್ದು ₹3,749 ಇತ್ತು. ರಾಶಿಯ ಹೊತ್ತಿಗೆ ಪೇಟೆಯಲ್ಲಿ ಹೆಸರು ₹7,000ಕ್ಕೆ ಇಳಿದಿದೆ ಎಂದುಕೊಳ್ಳಿ. ಆಗಲೂ ನೀವು ಕೊಡುವುದು ₹8,768, ಅಂದರೆ ಕಿಲೋಗೆ ₹87.68. ಹಸನು, ಚೀಲ, ಸಾಗಣೆಗೆ ಕಿಲೋಗೆ ₹5 ಹಿಡಿದರೆ ಮನೆ ಬಾಗಿಲಿಗೆ ಸುಮಾರು ₹93. ಪೇಟೆಯ ದರ ₹9,500ಕ್ಕೆ ಏರಿದ್ದರೆ ನೀವೂ ₹9,500 ಕೊಡುತ್ತೀರಿ. ರೈತ ಬೀಳುವ ದರದಿಂದ ಪಾರಾದ, ಏರುವ ದರವನ್ನೂ ಕಳೆದುಕೊಳ್ಳಲಿಲ್ಲ. ನಿಮಗೆ ಅಂಗಡಿಯ ದರಕ್ಕಿಂತ ಉಳಿತಾಯ ಸ್ವಲ್ಪವೇ ಆಗಬಹುದು, ಕೆಲವು ವರ್ಷ ಏನೂ ಆಗದಿರಬಹುದು. ಆದರೆ ಯಾವ ಹೊಲದ, ಯಾವ ತಿಂಗಳ ಕಾಳು ಎಂಬುದು ಗೊತ್ತಿರುತ್ತದೆ. ಬರೀ ಅಗ್ಗಕ್ಕಾಗಿ ಬರುವವರನ್ನು ಕೂಟಕ್ಕೆ ಸೇರಿಸಿಕೊಳ್ಳಬೇಡಿ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಮೆಣಸಿನಕಾಯಿಗೆ ಬೆಂಬಲ ಬೆಲೆ ಇಲ್ಲ. ಅಲ್ಲಿ ಸಸಿ, ಗೊಬ್ಬರ, ಔಷಧ, ಬಿಡಿಸುವ ಕೂಲಿ ಇವುಗಳ ಲೆಕ್ಕವನ್ನು ರೈತನ ಜೊತೆಗೆ ಕೂತು ಬರೆದು, ಆ ಖರ್ಚಿನ ಮೇಲೆ ಒಂದು ಕನಿಷ್ಠ ದರಕ್ಕೆ ಒಪ್ಪಿಕೊಳ್ಳಬೇಕು.

6. ಮುಂಗಡ ಮತ್ತು ಬರಹ

ಒಟ್ಟು ಅಂದಾಜಿನ ಕಾಲು ಭಾಗವನ್ನು ಬಿತ್ತುವ ಹೊತ್ತಿಗೆ ಕೊಡಿ. ಬೀಜ-ಗೊಬ್ಬರಕ್ಕೆ ಬಡ್ಡಿಯ ಸಾಲ ತರುವುದು, ಸಾಲ ಕೊಟ್ಟ ಅಂಗಡಿಗೇ ಮಾಲು ಹಾಕುವುದು ಎಂಬ ಸುತ್ತು ತಪ್ಪುವುದು ಇಲ್ಲಿ. ಒಂದು ಪುಟದ ಒಪ್ಪಂದ ಸಾಕು: ಕಾಳು, ತಳಿ, ಪ್ರಮಾಣ, ದರದ ಸೂತ್ರ, ಕೊಟ್ಟ ಮುಂಗಡ, ಉಳಿದ ಹಣ ತೂಕದ ದಿನವೇ ಪಾವತಿ ಎಂಬ ಮಾತು, ಎರಡೂ ಕಡೆಯ ಸಹಿ.

ಬೆಳೆ ಕೈಕೊಟ್ಟರೆ ಏನು ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ. ನಮ್ಮಲ್ಲಿ ಅರ್ಧ ಮುಂಗಡವನ್ನು ಬಿಟ್ಟುಕೊಟ್ಟು, ಉಳಿದರ್ಧವನ್ನು ಮುಂದಿನ ಹಂಗಾಮಿಗೆ ಹಿಡಿಯುತ್ತೇವೆ. ಹೆಸರು ರಾಶಿಗೆ ಬಂದಾಗ ಆಗಸ್ಟ್ ಮಳೆ ಹಿಡಿದುಕೊಂಡರೆ ಬುಡ್ಡಿಯಲ್ಲಿಯೇ, ಅಂದರೆ ಕಾಯಿಯೊಳಗೇ, ಕಾಳು ಮೊಳೆಯುತ್ತದೆ. ಆ ನಷ್ಟದಲ್ಲಿ ಉಣ್ಣುವವರದೂ ಒಂದು ಪಾಲು ಇರಬೇಕು ಎಂಬುದು ನನ್ನ ನಂಬಿಕೆ.

ಇಲ್ಲಿ ಆಗುವ ದೊಡ್ಡ ತಪ್ಪು ಮನೆಗಳ ಕಡೆಯಿಂದ. ನಮ್ಮ ಎರಡನೇ ವರ್ಷ ಪೇಟೆಯ ದರ ಬಿದ್ದಾಗ ಐದು ಮನೆಯವರು ಹಿಂದೆ ಸರಿದರು, ಉಳಿದ ನಾವು ಅವರ ಚೀಲಗಳನ್ನೂ ಇಳಿಸಿಕೊಳ್ಳಬೇಕಾಯಿತು. ಅಂದಿನಿಂದ ಮುಂಗಡ ಕೊಡದ ಮನೆಯ ಹೆಸರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

7. ರಾಶಿಯ ದಿನ: ಕಾಳು ನೋಡುವುದು, ತೂಗುವುದು

ಈ ದಿನ ತಪ್ಪದೆ ಹೋಗಿ. ಚೀಲದ ಬಾಯಲ್ಲಿರುವ ಕಾಳನ್ನು ನೋಡಿ ಒಪ್ಪಬೇಡಿ. ರಾಶಿಯ ತಳದಿಂದ, ನಡುವಿನಿಂದ, ಅಂಚಿನಿಂದ ಒಂದೊಂದು ಬೊಗಸೆ ತೆಗೆದು ಬಿಳಿಯ ಬಟ್ಟೆಯ ಮೇಲೆ ಹರವಿ. ಜೋಳದ ಕಾಳು ಮುತ್ತಿನಂತೆ ಬೆಳ್ಳಗಿದ್ದು ದುಂಡಗಿರಬೇಕು. ಕಪ್ಪು ಚುಕ್ಕೆ ಇದ್ದರೆ ತೆನೆಗೆ ಮಳೆ ಬಡಿದಿದೆ ಎಂದರ್ಥ. ಒಂದು ಕಾಳನ್ನು ಹಲ್ಲಿನಲ್ಲಿ ಕಡಿಯಿರಿ: ಕಟ್ಟೆಂದು ಎರಡು ಹೋಳಾದರೆ ಒಣಗಿದೆ, ಹಲ್ಲಿಗೆ ಮೆತ್ತಗೆ ಒತ್ತಿಕೊಂಡರೆ ಇನ್ನೂ ಹಸಿ ಇದೆ.

ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ ಉಪ್ಪಿನ ಪರೀಕ್ಷೆ ಮಾಡಿ. ಪೂರ್ತಿ ಒಣಗಿದ ಗಾಜಿನ ಬಾಟಲಿಗೆ ಬಿಸಿಲಲ್ಲಿ ಒಣಗಿಸಿದ ಪುಡಿ ಉಪ್ಪನ್ನು ಎರಡು ಚಮಚ ಹಾಕಿ, ಬಾಟಲಿಯ ಮೂರನೇ ಒಂದು ಭಾಗದಷ್ಟು ಕಾಳು ತುಂಬಿ, ಮುಚ್ಚಳ ಬಿಗಿದು ಒಂದು ನಿಮಿಷ ಚೆನ್ನಾಗಿ ಕುಲುಕಿ, ಹತ್ತು ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿನ ಗೋಡೆಗೆ ಅಂಟಿಕೊಂಡರೆ ಕಾಳಿನ ತೇವಾಂಶ 15 ಪ್ರತಿಶತಕ್ಕಿಂತ ಹೆಚ್ಚಿದೆ. ಅಂಥ ಕಾಳು ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಅಂಟದಿದ್ದರೂ ಮನೆಯಲ್ಲಿ ಎರಡು ದಿನ ಬಿಸಿಲು ಕಾಣಿಸಿ, ಏಕೆಂದರೆ ವರ್ಷವಿಡೀ ಇಡಲು ತೇವಾಂಶ 12 ಪ್ರತಿಶತಕ್ಕಿಂತ ಕೆಳಗಿರಬೇಕು.

ಮೆಣಸಿನಕಾಯಿಯಲ್ಲಿ ಮೋಸ ಹೆಚ್ಚು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಬಗೆ: ಡಬ್ಬಿ ಗಿಡ್ಡಗೆ, ದಪ್ಪಗೆ ಇರುತ್ತದೆ, ಕಡ್ಡಿ ಉದ್ದಕ್ಕೆ, ತೆಳ್ಳಗೆ ಇರುತ್ತದೆ. ಎರಡಕ್ಕೂ ಮೈಯೆಲ್ಲ ಸುಕ್ಕು, ಬಣ್ಣ ಹೆಚ್ಚು, ಖಾರ ಕಡಿಮೆ. ಬ್ಯಾಡಗಿಯ ಪೇಟೆಯಲ್ಲಿ ಕೊಂಡದ್ದೆಲ್ಲ ಬ್ಯಾಡಗಿ ತಳಿಯಲ್ಲ; ಬಳ್ಳಾರಿ, ರಾಯಚೂರು, ಆಂಧ್ರಗಳಿಂದಲೂ ಅಲ್ಲಿಗೆ ಮಾಲು ಬರುತ್ತದೆ. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಬೀಜ ಗಲಗಲ ಎನ್ನಬೇಕು. ಮಡಚಿದಾಗ ತೊಗಲಿನಂತೆ ಬಾಗಿ ಸದ್ದಿಲ್ಲದೆ ಉಳಿದರೆ ತೂಕಕ್ಕಾಗಿ ನೀರು ಚಿಮುಕಿಸಿರಬಹುದು. ಒಂದೆರಡು ಕಾಯಿ ಸೀಳಿ ನೋಡಿ, ಒಳಗೆ ಬೂದು ಬೂಷ್ಟು ಕಂಡರೆ ಆ ಚೀಲವನ್ನು ಬಿಟ್ಟುಬಿಡಿ.

ತೂಕಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ ಕಾಟಾ ಬಳಸಿ. ಖಾಲಿ ಗೋಣಿಚೀಲವೇ ಅರ್ಧ ಕಿಲೋಗಿಂತ ಹೆಚ್ಚು ತೂಗುವುದರಿಂದ ಅದನ್ನು ಕಳೆಯಿರಿ, ಆದರೆ ಪೇಟೆಯಲ್ಲಿ ಮಾಡುವಂತೆ ಕಸಕ್ಕೆಂದು, ಮಾದರಿಗೆಂದು ಹೆಚ್ಚಿನ ಕಾಳನ್ನು ಮುರಿದುಕೊಳ್ಳಬೇಡಿ. ಹಣವನ್ನು ಅಲ್ಲಿಯೇ, ಎದುರಿನಲ್ಲಿಯೇ ಪಾವತಿಸಿ.

8. ಹಂಚಿಕೆ ಮತ್ತು ದಾಸ್ತಾನು

ಚೀಲಗಳು ಬಂದ ದಿನವೇ ಹಂಚಿ ಮುಗಿಸಿ. ಮನೆ ಬಳಕೆಗೆ ಕೂಡಿ ಕೊಂಡು, ಲಾಭವಿಲ್ಲದೆ ಹಂಚಿಕೊಳ್ಳುವವರೆಗೆ ಇದು ವ್ಯಾಪಾರವಲ್ಲ. ಉಳಿದದ್ದನ್ನು ಪೊಟ್ಟಣ ಕಟ್ಟಿ ಹೊರಗಿನವರಿಗೆ ಮಾರಲು ಹೊರಟರೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ, ನೋಂದಣಿ ಬೇಕಾಗುತ್ತದೆ.

ಹೆಸರು, ತೊಗರಿ, ಕಡಲೆಗಳಿಗೆ ಹತ್ತುವ ಹುಳದ ತತ್ತಿ ಎಷ್ಟೋ ಸಲ ಹೊಲದಲ್ಲಿಯೇ ಕಾಳಿಗೆ ಅಂಟಿಕೊಂಡು ಬರುತ್ತದೆ. ಆದ್ದರಿಂದ ಡಬ್ಬಿ ಎಷ್ಟೇ ಶುಚಿಯಾಗಿದ್ದರೂ ಬಿಸಿಲು ಕಾಣಿಸದೆ ತುಂಬಿದರೆ ತಿಂಗಳೊಳಗೆ ಕಾಳಿಗೆ ತೂತು ಬೀಳುತ್ತದೆ. ಬಿರುಬಿಸಿಲಿನಲ್ಲಿ ಒಣಗಿಸಿ, ಆರಿದ ಮೇಲೆ ಕಿಲೋಗೆ ಒಂದು ಚಿಕ್ಕ ಚಮಚದಷ್ಟು ಹರಳೆಣ್ಣೆಯನ್ನು ಕೈಯಿಂದ ಸವರಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿ. ಜೋಳಕ್ಕೆ ಒಣಗಿದ ಬೇವಿನ ಎಲೆ ಹಾಕಿ, ಚೀಲವನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಸಾವಿ, ನವಣಿಗಳನ್ನು ಹೊಟ್ಟಿನ ಸಮೇತ ಇಟ್ಟುಕೊಂಡು ಎರಡು ತಿಂಗಳಿಗೆ ಬೇಕಾದಷ್ಟನ್ನೇ ಅಕ್ಕಿ ಮಾಡಿಸಿ. ಪಾಲಿಶ್ ಮಾಡದ ಅಕ್ಕಿ ಬೇಗ ಕಮಟು ಹಿಡಿಯುತ್ತದೆ.

9. ಸೊಪ್ಪು-ತರಕಾರಿ, ಮೂರನೇ ವರ್ಷಕ್ಕೆ

ಕಾಳಿನಲ್ಲಿ ಎರಡು ವರ್ಷ ಸರಿಯಾಗಿ ನಡೆದ ಮೇಲೆ ತರಕಾರಿಗೆ ಕೈ ಹಾಕಿ. ವಾರಕ್ಕೆ ಒಂದೇ ದಿನ, ಒಂದೇ ಗಾತ್ರದ ಬುಟ್ಟಿ, ಒಳಗೇನಿರಬೇಕು ಎಂಬುದು ರೈತನ ಆಯ್ಕೆ: ಈ ಮೂರಕ್ಕೆ ಒಪ್ಪುವ ಮನೆಗಳನ್ನಷ್ಟೇ ಸೇರಿಸಿಕೊಳ್ಳಿ. ಮೆಂತ್ಯೆ, ಪುಂಡಿ, ರಾಜಗಿರಿ, ಹಕ್ಕರಕಿ, ಎಳೆಯ ಕುಸುಬಿ ಸೊಪ್ಪುಗಳು ಹಂಗಾಮಿಗೆ ತಕ್ಕಂತೆ ಬರುತ್ತವೆ. ಜನವರಿಯಲ್ಲಿ ಹಕ್ಕರಕಿ ಬಂದರೆ ಮೇ ತಿಂಗಳಲ್ಲಿಯೂ ಅದನ್ನು ಕೇಳಬಾರದು.

ಈ ವರ್ಷವೇ ಆರಂಭಿಸುವವರಿಗೆ ದಿನಗಳ ಲೆಕ್ಕ ಹೀಗೆ. ಹಿಂಗಾರಿ ಜೋಳ-ಕಡಲೆಗೆ ಮಾತು ಕೊಡಬೇಕೆಂದಿದ್ದರೆ ಮನೆಗಳ ಸಭೆ ಜುಲೈನಲ್ಲಿ, ಅಳತೆಯ ತಿಂಗಳು ಆಗಸ್ಟ್, ಹೊಲದ ಭೇಟಿ ಮತ್ತು ಮುಂಗಡ ಸೆಪ್ಟೆಂಬರ್ ಮೊದಲ ವಾರದೊಳಗೆ ಮುಗಿಯಲಿ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ನೈವೇದ್ಯ ಹಾಕಲು, ರೈತ ಕರೆದರೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ಆ ಹೊತ್ತಿಗೆ ಜೋಳ ಎದೆಯೆತ್ತರಕ್ಕೆ ಬಂದಿರುತ್ತದೆ, ಬೆಳೆ ಹೇಗಿದೆ, ಒಪ್ಪಿದಷ್ಟು ಕಾಳು ಬರುವಂತಿದೆಯೇ ಎಂಬುದನ್ನು ಕಣ್ಣಾರೆ ನೋಡಿ ಉಳಿದ ಮನೆಗಳಿಗೆ ತಿಳಿಸಬಹುದು.